ಅದಲುಬದಲಾದ ಮುಚ್ಚಳಗಳು

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆ ರಜೆಯನ್ನು ಪೂರ್ತಿ ಮಾತ್ರೆಗಳ ವಾಸನೆಯಲ್ಲೇ ಕಳೆದೆ. ಸಂಡೂರಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಅಕ್ಕ ಔಷಧಿ ಕೊಡುವ ಕೆಲಸದಲ್ಲಿದ್ದಳು. ಅಪ್ಪ, ಅವ್ವ ಹೊಲಕ್ಕೆ ಹೋದರೆ ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಬೀದಿಗೆ ಬಿಡೋಣವೆಂದರೆ ಗಣಿಗಳ ಭರಾಟೆಯ ಕಾಲ, ಅದಿರು ತುಂಬಿದ ಲಾರಿಗಳು ಒಂದರ ಹಿಂದೊಂದು. ಹಾಗಾಗಿ ಅಕ್ಕ ನನ್ನನ್ನೂ ಕರೆದುಕೊಂಡು ಹೋಗಿ ಔಷಧಿ ಕೋಣೆಯಲ್ಲಿ ಕೂರಿಸುತ್ತಿದ್ದಳು. "ಹೊಸ್ತಿಲು ದಾಟಿದ್ರ ಕಾಲು ಮುರೀತೀನಿ ನೋಡು" ಎನ್ನುವುದೇ ಅವಳ ದಿನದ ಮೊದಲ ಮಾತು.

ಆ ಕೋಣೆಗೆ ಒಂದೇ ಕಿಟಕಿ, ಅದಕ್ಕೂ ಕಬ್ಬಿಣದ ಜಾಲರಿ. ಕೈ ತೂರುವಷ್ಟು ಕಂಡಿಯ ಆಚೆ ರೋಗಿಗಳ ಸಾಲು, ಈಚೆ ಅಕ್ಕ. ಬೀಗದ ಕೈಗಳನ್ನು ಇನ್ನೊಬ್ಬ ಔಷಧಿಯವರ ಕೈಗೇ ಕೊಟ್ಟು ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವ ತನಕ ಅವಳು ಏಳುವಂತಿರಲಿಲ್ಲ. ಆ ಇನ್ನೊಬ್ಬರೋ ಹೊಸಪೇಟೆಯಿಂದ ಬರಬೇಕು, ದಾರಿಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡರೆ ಸಂಜೆಯೇ ಆಗುತ್ತಿತ್ತು. ಅದಕ್ಕೆ ಅಕ್ಕ ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದಳು.

ರಸ್ತೆಯ ಕೆಂಪು ಧೂಳು ಜಾಲರಿಯಿಂದ ಒಳಗೆ ಬಂದು ಎಲ್ಲದರ ಮೇಲೂ ಕೂರುತ್ತಿತ್ತು. ಆಗ ಮಾತ್ರೆಗಳು ದೊಡ್ಡ ಡಬ್ಬಿಗಳಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದವು. ಡಬ್ಬಿಯ ಮೇಲಿನ ಹೆಸರು ಧೂಳಿನಲ್ಲಿ ಕಾಣದೆಂದು ಅಕ್ಕ ಮುಚ್ಚಳಕ್ಕೆ ಬಿಳಿ ಪಟ್ಟಿ ಅಂಟಿಸಿ ಅದರ ಮೇಲೆ ಬರೆದಿದ್ದಳು. ಬೆಳಗ್ಗೆ ಅವನ್ನೆಲ್ಲ ಒರೆಸುವುದು ನನ್ನ ಕೆಲಸ. ಆ ದಿನ ನಾನು ಜಾಣೆಯಾಗಲು ಹೋದೆ! ಅಂಚಿನ ಧೂಳೂ ಹೋಗಲೆಂದು ಎರಡು ಮುಚ್ಚಳ ತೆಗೆದು ಒರೆಸಿದೆ. ಮುಚ್ಚುವಾಗ ಯಾವುದು ಯಾವುದರದೆಂದು ಅನುಮಾನ ಬಂತು. ಎರಡರಲ್ಲೂ ಬಿಳಿ ಮಾತ್ರೆಗಳೇ. ಕೇಳಿದರೆ ಬೈಯುತ್ತಾಳೆಂದು ಅಂದಾಜಿನ ಮೇಲೆ ಮುಚ್ಚಿಟ್ಟೆ.

ಆ ಡಬ್ಬಿಗಳ ಮಾತ್ರೆಗೆ ಮೊದಲು ಬಂದವಳು ವಡ್ಡು ಎಂಬ ಊರಿನ, ಹಸಿರು ಸೀರೆಯ ಅಜ್ಜಿ. ಮೊಣಕಾಲು ನೋವಿನ ಮಾತ್ರೆ ಕಟ್ಟಿಸಿಕೊಂಡು ಬಸ್ಸಿಗೆ ಹೋದಳು. ಅರ್ಧ ಗಂಟೆಯ ಮೇಲೆ ಸಕ್ಕರೆ ಕಾಯಿಲೆಯ ಅಜ್ಜನೊಬ್ಬ ಬಂದು, ಕೊಟ್ಟ ಮಾತ್ರೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದ.

"ತಂಗೀ, ನನ್ನ ಗುಳಿಗಿಗೆ ನಡುವ ಒಂದು ಗೀಟು ಇರ್ತೈತಿ. ಇದಕ್ಕಿಲ್ಲಲ್ಲ?"

"ಬ್ಯಾರೆ ಕಂಪನೀದು ಬಂದಿರಬೇಕ್ರಿ ಯಜ್ಜಾ" ಎಂದಳು ಅಕ್ಕ. ಹಿಂದಿನವರು "ಜಲ್ದಿ, ಜಲ್ದಿ" ಎಂದು ಗದ್ದಲ ಎಬ್ಬಿಸಿದ್ದರು.

ಹಾಗಾದರೆ ಅಜ್ಜಿ ಒಯ್ದದ್ದು ಸಕ್ಕರೆ ಕಾಯಿಲೆಯ ಮಾತ್ರೆ ಎಂದು ನನಗೆ ಹೊಳೆಯಿತು. ಸಕ್ಕರೆ ಕಾಯಿಲೆ ಇಲ್ಲದವರು ಆ ಮಾತ್ರೆ ನುಂಗಿದರೆ ತಲೆ ತಿರುಗಿ ಬೀಳುತ್ತಾರೆ, ಜೀವವೇ ಹೋದರೂ ಹೋಗಬಹುದು ಎಂದು ಅಕ್ಕನೇ ಒಮ್ಮೆ ಹೇಳಿದ್ದಳು. ಮುಚ್ಚಳದ ಸಂಗತಿ ಗೊತ್ತಿದ್ದವಳು ನಾನೊಬ್ಬಳೇ. ಹೇಳಿದರೆ ಅಕ್ಕನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅಜ್ಜಿಯ ಜೀವ. ಎದ್ದು ಓಡಿಬಿಡೋಣವೆಂದು ಬಾಗಿಲು ನೋಡಿದೆ, ಅಗುಳಿ ನನ್ನ ಕೈಗೆ ಎಟುಕುತ್ತಿರಲಿಲ್ಲ. ಕೊನೆಗೆ ಅಕ್ಕನ ಸೆರಗು ಜಗ್ಗಿದೆ.

"ಅಕ್ಕಾ, ಮುಚ್ಚಳ ನಾನು ಅದಲುಬದಲು ಹಾಕೀನಿ."

ಅಕ್ಕ ಎರಡೂ ಡಬ್ಬಿಗಳಿಂದ ಒಂದೊಂದು ಹಿಡಿ ಮಾತ್ರೆಯನ್ನು ತಟ್ಟೆಗೆ ಸುರಿದಳು. ನೋವಿನ ಮಾತ್ರೆ ಎಂದು ಬರೆದಿದ್ದ ಡಬ್ಬಿಯವುಗಳ ಮೇಲೆ ಗೀಟಿತ್ತು. ಅವಳು ಬೀಗದ ಕೈ ನೋಡಿದಳು, ಬಾಗಿಲು ನೋಡಿದಳು. ಆಮೇಲೆ ಸಾಲಿನವರೆಲ್ಲ ಕೇಳುವಂತೆ ಹೇಳಿದಳು: "ಯಜ್ಜಾ, ಹಸಿರು ಸೀರಿ ಅಜ್ಜಿಗೆ ನಾ ತಪ್ಪು ಗುಳಿಗಿ ಕೊಟ್ಟೀನ್ರಿ. ವಡ್ಡಿನ ಬಸ್ಸು ಹತ್ಯಾಳ. ನಾ ಇಲ್ಲಿಂದ ಏಳಂಗಿಲ್ಲ."

"ಲಾರಿ ಹೆಂಗ ನಿಂತಾವ ನೋಡು, ಬಸ್ಸು ಎಲ್ಲಿಗೆ ಹೋಗತೈತಿ? ನನ್ನ ಸೈಕಲ್ ಐತಿ" ಎಂದು ಅಜ್ಜ ತನ್ನ ಮಾತ್ರೆಗಳನ್ನು ಕಂಡಿಯಲ್ಲೇ ಬಿಟ್ಟು ಹೊರಟೇಬಿಟ್ಟ.

ನಾವಿಬ್ಬರೂ ಒಳಗೇ ಉಳಿದೆವು. ಅಕ್ಕ ಉಳಿದವರಿಗೆ ಪ್ರತಿ ಮಾತ್ರೆಯನ್ನೂ ತಿರುವಿ ನೋಡಿ ಕೊಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ಬೈದರೂ ಸಾಕಿತ್ತು. ಬಿಸಿಲಿಗೆ ಕೋಣೆ ಕಾದು ಉಸಿರು ಕಟ್ಟಿದಂತಾಗಿತ್ತು.

ಊಟದ ಹೊತ್ತಿಗೆ ಸೈಕಲ್ಲಿನ ಗಂಟೆ ಕೇಳಿತು. ಹಿಂದೆ ಕೂತಿದ್ದ ಅಜ್ಜಿ ಮೈಯೆಲ್ಲ ಕೆಂಪು ಧೂಳಾಗಿ ಬೈಯುತ್ತಲೇ ಇಳಿದಳು. "ಮೊಣಕಾಲು ನೋವು ಅಂತ ಬಂದಾಕಿನ್ನ ಲಾರಿ ಸಂದ್ಯಾಗ ಕುಲುಕಾಡಿಸಿಕೋತ ತಂದಾನ ಈ ಮುದುಕ!" ಪೊಟ್ಟಣ ಬಿಚ್ಚಿರಲೇ ಇಲ್ಲ. "ಉಂಡ ಮ್ಯಾಲ ತಗೋ ಅಂದಿದ್ದಿ, ಬಸ್ಸಿನಾಗ ಎಲ್ಲಿ ಉಣ್ಲಿ?"

ಅಕ್ಕ ಆಗ ಅತ್ತಳು. ಬೀಗದ ಕೈ ಒಪ್ಪಿಸಿದ ಮೇಲೆ ಡಾಕ್ಟರ ಮುಂದೆ ಹೋಗಿ ಬೈಸಿಕೊಂಡವಳೂ ಅವಳೇ, ನನ್ನ ಹೆಸರು ಎತ್ತಲಿಲ್ಲ. ಸಂಜೆ ಮನೆಗೆ ಹೋಗುವಾಗ ಇಷ್ಟೇ ಅಂದಳು: "ಹೇಳಿದಿ, ಛಲೋ ಆತು. ಆ ಕೆಲಸ ನಿನಗ ಕೊಟ್ಟದ್ದು ನನ್ನ ತಪ್ಪು."

ಮಕ್ಕಳೇ, ಈಗ ನಿಮ್ಮ ಮಾತ್ರೆಗಳೆಲ್ಲ ಹೆಸರು ಹೊತ್ತ ಹಾಳೆಯೊಳಗೆ ಒಂದೊಂದಾಗಿ ಮಲಗಿರುತ್ತವೆ. ಕೆಂಪು ಧೂಳು ನಿಮಗೆ ಗೊತ್ತಿಲ್ಲ, ನಿಮ್ಮನ್ನು ಯಾರೂ ಕೋಣೆಯಲ್ಲಿ ಕೂಡಿಹಾಕುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ನಿಮ್ಮ ಅಜ್ಜಿಯ ಮಾತ್ರೆಗಳನ್ನು ವಾರದ ಏಳು ಖಾನೆಗಳಿರುವ ಡಬ್ಬಿಯಲ್ಲಿ ತುಂಬಿಡುತ್ತಾರಲ್ಲ, ನಿನ್ನೆಯಿಂದ ಅದರಲ್ಲಿ ಮಂಗಳವಾರದ ಖಾನೆ ಖಾಲಿ, ಬುಧವಾರದ್ದರಲ್ಲಿ ಎರಡು ದಿನದವು ಇವೆ. ಅದನ್ನು ಮುಟ್ಟಿದವರು ಯಾರೆಂದು ನಾನು ಕೇಳುವುದಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಇರುತ್ತೇನೆ, ಬಂದು ಹೇಳಿ. ಬೈಯುವುದಿಲ್ಲ.