ಪಕ್ಕದ ಬೆಂಚಿನ ಲೆಕ್ಕ

ಜಾಣ ಮಕ್ಕಳನ್ನು ಹುಡುಕಿಕೊಡಿ ಎನ್ನುವ ಸುತ್ತೋಲೆ ನಮ್ಮ ಶಾಲೆಗೆ ಬರುವುದು ಯಾವಾಗಲೂ ಕೈತುಂಬ ಕೆಲಸ ಇರುವಾಗಲೇ. ಆ ವರ್ಷವೂ ವಾರ್ಷಿಕ ಪರೀಕ್ಷೆಯ ಪೇಪರುಗಳ ರಾಶಿ ಮುಂದೆ ಕೂತಿದ್ದೆ. ಹೆಡ್‌ಮಾಸ್ಟರು ಬಂದು ಕಾಗದ ಮೇಜಿನ ಮೇಲಿಟ್ಟು, "ನಾಳೆಯೊಳಗೆ ಒಂದು ಹೆಸರು ಬೇಕಂತೆ" ಅಂದರು. ಎಂಟನೇ ಕ್ಲಾಸಿನ ಒಬ್ಬರನ್ನು ಆರಿಸಬೇಕು. ಆಯ್ಕೆಯಾದವರು ಸೇಲಂ ಕಡೆಯ ವಿಶೇಷ ಶಾಲೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದಬೇಕು. ಸರ್ಕಾರಿ ಶಾಲೆಗಳ ಪ್ರತಿಭೆಗಳನ್ನೆಲ್ಲ ಒಂದೇ ಕಡೆ ಸೇರಿಸಿ ಬೆಳೆಸುವ ಯೋಜನೆ ಅದು. ಪ್ರತಿಭೆಯನ್ನು ಇದ್ದಲ್ಲೇ ಯಾಕೆ ಬೆಳೆಸಬಾರದು ಅನ್ನುವುದಕ್ಕೆ ಸುತ್ತೋಲೆಯಲ್ಲಿ ಉತ್ತರವಿರಲಿಲ್ಲ.

ನಾನು ತಮಿಳುನಾಡಿನ ಮಾರಂಡಹಳ್ಳಿ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಲೆಕ್ಕದ ಟೀಚರು. ನಮ್ಮ ಮನೆಮಾತು ಕನ್ನಡ, ಪಾಠ ಮಾಡುವುದು ತಮಿಳಿನಲ್ಲಿ, ಬೈಸಿಕೊಳ್ಳುವುದು ಇಂಗ್ಲಿಷಿನಲ್ಲಿ. ಯಾರ ಹೆಸರು ಕೊಡಬೇಕೆಂದು ನಾನು ಯೋಚಿಸಬೇಕಾಗಿರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿಯಿದ್ದಳು. ಅವಳದೂ ನಮ್ಮಂತೆ ಕನ್ನಡದ ಮನೆ. ಅಪ್ಪ ಅಮ್ಮ ರಾಗಿ, ಬೀನ್ಸು ಬೆಳೆಯುವವರು, ಮನೆಯ ಯಜಮಾನಿಕೆ ಅಜ್ಜಿಯದು. ಬೋರ್ಡಿನ ಮೇಲೆ ನಾನು ಒಂದು ದಾರಿಯಲ್ಲಿ ಲೆಕ್ಕ ಬಿಡಿಸಿದರೆ ಅವಳು ಕೂತಲ್ಲಿಂದಲೇ ಬೇರೆ ದಾರಿ ತೋರಿಸುತ್ತಿದ್ದಳು. ಎಷ್ಟೋ ಸಲ ಅವಳ ದಾರಿಯೇ ಹತ್ತಿರದ್ದು. ಅದು ನನಗೆ ಸಂತೋಷವನ್ನೂ ಕೊಡುತ್ತಿತ್ತು, ಸ್ವಲ್ಪ ಸಿಟ್ಟನ್ನೂ ತರಿಸುತ್ತಿತ್ತು.

ಆಯ್ಕೆ ಪರೀಕ್ಷೆಯಲ್ಲಿ ಅವಳು ಸಲೀಸಾಗಿ ಪಾಸಾದಳು. ಅಜ್ಜಿಯನ್ನು ಒಪ್ಪಿಸುವುದೇ ದೊಡ್ಡ ಪರೀಕ್ಷೆಯಾಯಿತು. ಆಕೆ ಬೀನ್ಸು ಬಿಡಿಸುತ್ತಾ, ತಲೆ ಎತ್ತದೆ ಕೇಳಿದರು.

"ಬುದ್ಧಿ ಐತೆ ಅಂತ ಮಗೀನ ಊರ್ ಬಿಡಿಸ್ತೀರಾ ಟೀಚ್ರಮ್ಮ? ಬುದ್ಧಿ ಇಲ್ದೋರ್‌ನ ಎಲ್ಲಿಗೂ ಕಳ್ಸಲ್ವಾ?"

"ಅಲ್ಲಿ ಒಳ್ಳೆ ಟೀಚರ್ಸ್ ಅವ್ರೆ ಅಜ್ಜಿ."

"ಅಂಗಾದ್ರೆ ನೀವು?"

ಮೂರು ಸಂಜೆ ಅವರ ಜಗಲಿಯ ಮೇಲೆ ಕೂತು ಚಹಾ ಕುಡಿದೆ. ಕೊನೆಗೆ ಹುಡುಗಿಯೇ, "ಓಯ್ತೀನಿ ಅಜ್ಜಿ, ನೋಡ್ಕೊಂಡ್ ಬತ್ತೀನಿ" ಅಂದಳು. ಸಂತೆಗೆ ಹೋಗಿಬರುವವಳ ಹಾಗಿತ್ತು ಅವಳ ದನಿ. ಜೂನ್ ತಿಂಗಳಲ್ಲಿ ಪೆಟ್ಟಿಗೆ, ಹಾಸಿಗೆ ಸುತ್ತು, ರಾಗಿ ಹುರಿಹಿಟ್ಟಿನ ಡಬ್ಬಿಯ ಜೊತೆ ಹೊರಟಳು.

ಮೊದಲ ತಿಂಗಳುಗಳಲ್ಲಿ ಒಳ್ಳೆಯ ಸುದ್ದಿಯೇ ಬಂತು. ಆಮೇಲೆ ಅವಳ ಅಂಕಗಳು ಇಳಿಯತೊಡಗಿದವು. ಅಲ್ಲಿಯ ಸಂಯೋಜಕರು ನನಗೆ ಫೋನ್ ಮಾಡಿ, "ನೀವು ಕಳಿಸಿದ ಹುಡುಗಿ ಮೇಡಂ..." ಎಂದು ಶುರುಮಾಡುತ್ತಿದ್ದರು. ಚೆನ್ನಾಗಿ ಓದುತ್ತಿದ್ದಾಗ ಅವಳು 'ನಮ್ಮ ವಿದ್ಯಾರ್ಥಿನಿ' ಆಗಿದ್ದಳು. ಅಂಕ ಇಳಿದ ದಿನದಿಂದ ನಾನು ಕಳಿಸಿದವಳಾದಳು. ಮನೆಯ ನೆನಪೇನೋ, ಊಟ ಒಗ್ಗುತ್ತಿಲ್ಲವೇನೋ ಎಂದು ನಾನು ಏನೇನೋ ಸಮಾಧಾನ ಹೇಳಿದೆ. ಹುಡುಗಿಗೆ ಫೋನ್ ಕೊಟ್ಟರೆ, "ಚೆನ್ನಾಗಿದೀನಿ ಟೀಚರ್" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಪೊಂಗಲ್ ರಜೆಗೆ ಮುಂಚೆ ಕರೆ ಬಂತು. ಅವಧಿಯ ಕೊನೆಯಲ್ಲಿ ಕಡೆಯ ಸಾಲಿನಲ್ಲಿ ಉಳಿದವರನ್ನು ಹಳೆಯ ಶಾಲೆಗೆ ವಾಪಸ್ ಕಳಿಸುವುದು ಅಲ್ಲಿಯ ನಿಯಮ. ಬಂದು ಕರೆದುಕೊಂಡು ಹೋಗಿ ಎಂದರು. ಅವಳ ಅಪ್ಪನಿಗೆ ಹೊಲದಲ್ಲಿ ರಾಗಿ ಒಕ್ಕಣೆ. ಮಾನ ಉಳಿಸಿಕೊಳ್ಳಬೇಕಾದವಳು ನಾನು. ನಾನೇ ಹೋದೆ.

ಸಂಯೋಜಕರು ಒಳ್ಳೆಯ ಇಸ್ತ್ರಿಯ ಅಂಗಿ ತೊಟ್ಟ, ಸೌಮ್ಯವಾಗಿ ಮಾತಾಡುವ ಮನುಷ್ಯ. ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಪ್ರತಿ ಸೋಮವಾರ ಎ, ಬಿ, ಸಿ, ಡಿಯಲ್ಲಿ ಸರಿಯುತ್ತರ ಗುರುತಿಸುವ ಟೆಸ್ಟು. ಅಂಕದ ಪ್ರಕಾರ ಆ ವಾರದ ಬೆಂಚು. ಹೆಚ್ಚು ಬಂದವರು ಮುಂದೆ, ಕಡಿಮೆ ಬಂದವರು ಹಿಂದೆ. ಸ್ಪರ್ಧೆ ಇದ್ದರೇನೇ ಮಕ್ಕಳು ಬೆಳೆಯುವುದು. "ನಿಮ್ಮ ಹುಡುಗಿಯಲ್ಲಿ ಛಲವಿಲ್ಲ ಮೇಡಂ" ಅಂದರು. ಸಾಲಾಗಿ ಜೋಡಿಸಿದ ಬಹುಮಾನದ ಕಪ್‌ಗಳ ಹಿಂದೆ ಕೂತು ಅವರು ಹೇಳಿದ್ದಕ್ಕೆ ನಾನು ತಲೆಯಾಡಿಸಿದೆ. ಹೊರಗೆ ಬಂದಾಗ ಹುಡುಗಿ ಪೆಟ್ಟಿಗೆಯ ಮೇಲೆ ಕೂತು ಇನ್ನೊಬ್ಬ ಹುಡುಗಿಯ ಜಡೆ ಹೆಣೆಯುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಸೋತು ಮನೆಗೆ ಹೊರಟವಳ ಮುಖ ಹಾಗಿರುವುದಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಧರ್ಮಪುರಿ ಬಸ್ಸಿನಲ್ಲಿ ನಾನು ಅವಳೊಡನೆ ಮಾತಾಡಲಿಲ್ಲ. ತೊಪ್ಪೂರು ಘಾಟಿಯಲ್ಲಿ ಲಾರಿಯೊಂದು ಅಡ್ಡ ಬಿದ್ದು ಬಸ್ಸು ನಿಂತಿತು. ಹಿಂದೆ ಮುಂದೆ ಹಾರ್ನಿನ ಗದ್ದಲ. ಸುಮ್ಮನಿರಲು ಆಗದೆ ಕೇಳಿಬಿಟ್ಟೆ.

"ಏನಮ್ಮಿ ಆಯ್ತು ನಿಂಗೆ? ಆ ಲೆಕ್ಕಗಳೆಲ್ಲ ನಿಂಗೆ ಬರಲ್ವಾ?"

"ಬತ್ತವೆ ಟೀಚರ್."

"ಮತ್ತೆ?"

ಅವಳು ಕಿಟಕಿಯ ಕಂಬಿ ಹಿಡಿದುಕೊಂಡಳು. "ಬೈಯಲ್ಲ ಅಂದ್ರೆ ಯೋಳ್ತೀನಿ."

"ಬೈಯ್ಯಲ್ಲ. ಹೇಳು."

"ಆ ಜಡೆ ಹೆಣೀತಿದ್ನಲ್ಲಾ, ಅವಳು ಮೆಟ್ಟೂರು ಕಡೆಯೋಳು. ಕನ್ನಡ ಮಾತಾಡ್ತಾಳೆ. ನಾವಿಬ್ರೇ ಕನ್ನಡದೋರು. ಅವಳು ಪಾವಂ ಟೀಚರ್, ದಿನಾ ಅಳ್ತಿದ್ಳು. ಯಾವಾಗ್ಲೂ ಕಡೇ ಬೆಂಚು. ನಾನು ಮುಂದಕ್ಕೆ ಓಗ್ಬಿಟ್ರೆ ಅವಳ ಪಕ್ಕ ಯಾರೂ ಮಾತಾಡೋರು ಇರಲ್ಲ."

"ಅದಕ್ಕೆ?"

"ಅದಕ್ಕೆ ಅವಳ ಮಾರ್ಕೇ ತಗೋತಿದ್ದೆ."

ನನಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದೆ. ಅವಳು ಬಹಳ ತಾಳ್ಮೆಯಿಂದ, ನಾನು ದಡ್ಡ ಮಕ್ಕಳಿಗೆ ಹೇಳುವ ಧಾಟಿಯಲ್ಲೇ, ನನಗೆ ವಿವರಿಸಿದಳು. ಇಬ್ಬರೂ ಜೊತೆಗೆ ಓದುತ್ತಿದ್ದದ್ದರಿಂದ ಗೆಳತಿಗೆ ಯಾವ ಪಾಠ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಇವಳಿಗೆ ಗೊತ್ತು. ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ಗೆಳತಿಗೆ ಎಷ್ಟು ಅಂಕ ಬರಬಹುದೆಂದು ಮನಸ್ಸಿನಲ್ಲೇ ಕೂಡುತ್ತಿದ್ದಳು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದಳು.

"ಗೊತ್ತಿಲ್ದೆ ಇರೋದಕ್ಕೆಲ್ಲ ಅವಳು 'ಬಿ' ಹಾಕ್ಬಿಡ್ತಾಳೆ ಟೀಚರ್. ಅದ್ರಲ್ಲಿ ಎಷ್ಟು ಸರಿ ಆಯ್ತದೆ ಅಂತ ನೋಡ್ಬೇಕು. ಆಮೇಲೆ ನಂಗೆ ಅಷ್ಟೇ ಬರೋ ಅಂಗೆ ಮಾಡ್ಕೋಬೇಕು. ಆದ್ರೆ ಇಬ್ರೂ ಅದೇ ಲೆಕ್ಕ ತಪ್ಪು ಮಾಡಿದ್ರೆ ಕಾಪಿ ಅಂತಾರೆ. ಅದಕ್ಕೆ ನಾನು ಬೇರೆ ಬೇರೆ ತಪ್ಪು ಮಾಡ್ತಿದ್ದೆ."

"ಯಾವತ್ತೂ ಲೆಕ್ಕ ತಪ್ಪಲಿಲ್ವಾ?"

"ಒಂದ್ಸಲ ಅವಳಿಗೆ ಜ್ವರ ಇತ್ತು. ಅದು ನಂಗೆ ಗೊತ್ತಾಗ್ಲಿಲ್ಲ. ಆ ವಾರ ನಾನು ಮುಂದೆ ಓಗ್ಬಿಟ್ಟೆ." ಈಗಲೂ ಆ ವಾರದ ಬೇಸರ ಅವಳ ದನಿಯಲ್ಲಿತ್ತು.

"ಹಾಗಾದ್ರೆ ಅವಳೂ ಇವತ್ತು ಮನೆಗೆ ಹೋಗ್ಬೇಕಿತ್ತಲ್ಲ?"

ಇಲ್ಲಿ ಅವಳ ಮುಖ ಅರಳಿತು. "ಇಲ್ಲ ಟೀಚರ್! ದಿನಾ ಸಾಯಂಕಾಲ ನಾನೇ ಅವಳಿಗೆ ಯೋಳ್ಕೊಡ್ತಿದ್ದೆ. ಕೊನೇ ಟೆಸ್ಟಲ್ಲಿ ಅವಳು 'ಬಿ' ಹಾಕ್ಲೇ ಇಲ್ಲ. ಎಲ್ಲಾ ಮಾಡ್ಬಿಟ್ಟವ್ಳೆ. ಅಷ್ಟು ಬತ್ತದೆ ಅಂತ ನಂಗೇ ಗೊತ್ತಿರ್ಲಿಲ್ಲ."

ಗೆಳತಿ ಮುಂದಿನ ಬೆಂಚಿಗೆ ಹೋದಳು, ಇವಳು ಹಳೆಯ ಅಂದಾಜಿನಲ್ಲಿ ಹಿಂದೆ ಉಳಿದಳು. ಬೈಯುವುದಿಲ್ಲ ಎಂದಿದ್ದವಳು ಘಾಟಿ ದಾಟಿ ಬಯಲಿಗೆ ಬರುವವರೆಗೂ ಬೈದೆ. ಆ ಶಾಲೆಗೆ ಸೇರಲು ಜನ ಎಷ್ಟು ಬಡಿದಾಡುತ್ತಾರೆ ಗೊತ್ತಾ ಎಂದೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಹುಡುಗಿ ಪೂರ್ತಿ ಕೇಳಿಸಿಕೊಂಡು, "ಟೀಚರ್, ಹುರಿಹಿಟ್ಟು ಸ್ವಲ್ಪ ಮಿಕ್ಕೈತೆ, ತಿಂತೀರಾ?" ಅಂದಳು. ತಿಂದೆ. ಬೈದು ಬೈದು ಹಸಿವಾಗಿತ್ತು.

ಮರುದಿನವೇ ಸಂಯೋಜಕರಿಗೆ ಫೋನ್ ಮಾಡಿದೆ. ಇನ್ನೊಬ್ಬರ ಅಂಕವನ್ನು ಮೊದಲೇ ಊಹಿಸಿ, ವಾರವಾರವೂ ಅಷ್ಟನ್ನೇ ತೆಗೆಯುವ ಮಗುವಿಗಿಂತ ಪ್ರತಿಭೆ ನಿಮಗೆ ಇನ್ನೆಲ್ಲಿ ಸಿಗುತ್ತದೆ ಎಂದು ವಾದಿಸಿದೆ.

"ಬೇಕಂತಲೇ ತಪ್ಪು ಬರೆದಳು ಅನ್ನುತ್ತೀರಾ ಮೇಡಂ? ಹಾಗಿದ್ದರೆ ಅದು ಶಿಸ್ತಿನ ಪ್ರಶ್ನೆ, ಇಟ್ಟುಕೊಳ್ಳಲು ಆಗುವುದಿಲ್ಲ. ಬೇಕಂತ ಅಲ್ಲದಿದ್ದರೆ ಬುದ್ಧಿಯ ಪ್ರಶ್ನೆ, ಆಗಲೂ ಇಟ್ಟುಕೊಳ್ಳಲು ಆಗುವುದಿಲ್ಲ."

"ಸರ್, ಅವಳು ಪಕ್ಕದವಳಿಗೆ ಕಲಿಸಿದ್ದಾಳೆ. ಅದು ಯಾವ ಪ್ರಶ್ನೆ?"

"ಅದಕ್ಕೆ ನಮ್ಮಲ್ಲಿ ಅಂಕ ಇಲ್ಲ ಮೇಡಂ" ಅಂದರು. ವ್ಯಂಗ್ಯವಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ನಿಜವಾಗಿಯೂ ವಿಷಾದದಿಂದ ಹೇಳಿದರು.

ಅಜ್ಜಿಯನ್ನು ಎದುರಿಸುವುದು ಬಾಕಿಯಿತ್ತು. ಆಕೆ ಬೈಯಲಿಲ್ಲ. "ನೀವು ಬುದ್ಧಿ ಐತೆ ಅಂದ್ರಿ, ಕಳ್ಸಿದ್ವಿ. ಅವ್ರು ಬುದ್ಧಿ ಇಲ್ಲ ಅಂದ್ರು, ಬಂದ್ಲು. ಇನ್ನು ಯಾರ್ ಕೇಳಿದ್ರೂ ಬುದ್ಧಿ ಐತೆ ಅಂತ ಯೋಳ್ಬೇಡಿ" ಎಂದು ಒಳಗೆ ಹೋದರು. ಶಾಲೆಯಲ್ಲಿ ಹುಡುಗರು ಅವಳನ್ನು ಕೆಲವು ದಿನ 'ರಿಟರ್ನ್' ಎಂದು ಕರೆದರು. ಅವಳು ಹೂಂಗುಟ್ಟಿಕೊಂಡು ಓಡಾಡಿದಳು. ಅವಳ ಬದಲು ನಾನು ರೇಗಿ ಇಬ್ಬರನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸಿದೆ.

ಮರುವರ್ಷ ಹತ್ತನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ಅಲ್ಲಿ ಯಾರು ಎಲ್ಲಿ ಕೂರಬೇಕೆಂದು ಅಂಕ ನಿರ್ಧರಿಸುವುದಿಲ್ಲ. ಹುಡುಗಿ ತನಗೆ ಬರುವುದನ್ನೆಲ್ಲ ಬರೆದಳು. ಫಲಿತಾಂಶ ಬಂದಾಗ ಸುತ್ತಲಿನ ಶಾಲೆಗಳಿಗೆಲ್ಲ ಅವಳೇ ಮೊದಲು. ನಾನು ಖುಷಿಪಟ್ಟು ಮುಗಿಸುವ ಮುಂಚೆಯೇ ಊರ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸ್ ಎದ್ದಿತು. ಅದರಲ್ಲಿ ಅವಳ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ಆ ವಿಶೇಷ ಶಾಲೆಯ ಯೋಜನೆಯ ಹೆಸರು, 'ನಮ್ಮ ಹೆಮ್ಮೆಯ ವಿದ್ಯಾರ್ಥಿನಿ' ಎಂಬ ಸಾಲು. ಸನ್ಮಾನಕ್ಕೆ ಸಂಯೋಜಕರೇ ಬಂದರು, ಅದೇ ಇಸ್ತ್ರಿ, ಅದೇ ಸೌಮ್ಯ ನಗು. ಹೆಡ್‌ಮಾಸ್ಟರ ಕಿವಿಯಲ್ಲಿ, "ಇದು ಅನ್ಯಾಯ ಸಾರ್" ಅಂದೆ. "ಶಾಲೆಗೆ ಕಾಂಪೌಂಡು ಕೊಡ್ತೀವಿ ಅಂದಿದ್ದಾರೆ, ಸುಮ್ಮನಿರಮ್ಮ" ಅಂದರು ಅವರು.

ವೇದಿಕೆಯಲ್ಲಿ ಶಾಲು ಹೊದಿಸಿ, ಮೈಕು ಮುಂದಿಟ್ಟು, ವಿಶೇಷ ಶಾಲೆಯಿಂದ ನಿನಗೇನು ಸಿಕ್ಕಿತು ಎಂದು ಸಂಯೋಜಕರು ಕೇಳಿದರು. ಹುಡುಗಿ ತಮಿಳಿನಲ್ಲಿ, ಒಬ್ಬಳು ಗೆಳತಿ ಸಿಕ್ಕಳು ಅಂದಳು. ಮುಂದೆ ಏನಾದರೂ ಬರುತ್ತದೆಂದು ಎಲ್ಲರೂ ಕಾದರು. ಅವಳು ಮೈಕು ವಾಪಸ್ ಕೊಟ್ಟು ಕೂತಳು. ಸಂಯೋಜಕರೇ ಮೊದಲು ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಆದರೂ ನನ್ನ ತೋಳು ತಿವಿದು, "ಅಷ್ಟೇನಾ ಸಿಕ್ಕಿದ್ದು?" ಅಂದರು.

ಶಾಮಿಯಾನ ಬಿಚ್ಚುವಾಗ ಹುಡುಗಿ ನನ್ನ ಹತ್ತಿರ ಬಂದಳು. ಹನ್ನೊಂದನೇ ಕ್ಲಾಸಿಗೆ ಯಾವ ವಿಷಯಗಳ ಗ್ರೂಪ್ ತಗೊಳ್ಳಲಿ ಎಂದು ಕೇಳಲು ಬಂದಿರಬೇಕು ಅಂದುಕೊಂಡೆ.

"ಟೀಚರ್, ನಿಮ್ಮ ಫೋನ್ ಕೊಡಿ. ಅವಳು ಯಾವ ಗ್ರೂಪ್ ತಗೋತಾಳೆ ಅಂತ ಕೇಳ್ಬೇಕು."

"ಲೇ, ನೀನು ನಿನ್ನ ಗ್ರೂಪ್ ತಗೋ!" ಎಂದು ಕೂಗಿಬಿಟ್ಟೆ. ಕುರ್ಚಿ ಎತ್ತುತ್ತಿದ್ದವರು ನಿಂತು ನೋಡಿದರು.

"ನಂದು ಮ್ಯಾಥ್ಸೇ ಟೀಚರ್, ಅದು ಆಗ್ಲೇ ಮುಗ್ದೋಯ್ತು. ಅವಳೂ ಅದನ್ನೇ ತಗೊಳ್ಳೋಕೆ ಎದರ್ಕೊತಾವ್ಳೆ. ಸ್ವಲ್ಪ ಧೈರ್ಯ ಯೋಳ್ಬೇಕು."

ಫೋನ್ ಕೊಟ್ಟೆ. ಅವಳು ಬೇವಿನ ಮರದ ಕೆಳಗೆ ಹೋಗಿ ನಿಂತು, ಕೈ ಆಡಿಸುತ್ತಾ, ಬಹಳ ಹೊತ್ತು ಮಾತಾಡಿದಳು. ನನ್ನ ಕೊನೆಯ ಬಸ್ಸು ಹೋಗಿಯೇಬಿಟ್ಟಿತು.