ಒಂದು ಗಂಟು ಕೆಂಪು, ಎರಡು ಗಂಟು ಹಸಿರು

ಪೆಟ್ರೋಲಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಹಸಿವಾಗುತ್ತದೆ. ಹೇಳಿದರೆ ಜನ ನಗುತ್ತಾರೆ, ನಗಲಿ. ಶಿಕಾರಿಪುರದ ಸಂತೆ ರಸ್ತೆಯ ನಮ್ಮ ಮನೆಯಲ್ಲಿ ರೊಟ್ಟಿ ಹಿಟ್ಟು ಕಲಸುವ ಹಿತ್ತಾಳೆ ಪರಾತದಲ್ಲೇ ಅಬ್ಬಾ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುತ್ತಿದ್ದರು. ಅಮ್ಮಿ ಬೂದಿ ಹಾಕಿ ಎರಡು ಸಲ ಉಜ್ಜಿದರೂ ಮರುದಿನದ ರೊಟ್ಟಿಯಲ್ಲಿ ಅದರ ಘಾಟು ಉಳಿದಿರುತ್ತಿತ್ತು. ಆ ಮನೆಯ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ ಇದೆ. ಪರಾತ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ಆ ವರ್ಷ, ಐವತ್ತರ ದಶಕದ ಕೊನೆಯಲ್ಲಿ, ಸೊರಬದ ಡಾಕ್ಟರೊಬ್ಬರ ಹಳೆಯ ಕಾರು ಎತ್ತುಗಳ ಹಿಂದೆ ಕಟ್ಟಿಸಿಕೊಂಡು ನಮ್ಮ ಅಂಗಳಕ್ಕೆ ಬಂತು. ಎಂಜಿನ್ನು ಸೀಳುಬಿಟ್ಟಿತ್ತು. ಅದರ ಜಾಗಕ್ಕೆ ಮಿಲಿಟರಿ ಹರಾಜಿನ ಜೀಪಿನ ಎಂಜಿನ್ನೊಂದನ್ನು ಕೂರಿಸುವ ಕೆಲಸ ಅಬ್ಬಾ ಹಿಡಿದರು. ಎಂಜಿನ್ನು ಕೂರಿಸುವುದು ಸುಲಭ, ಅದಕ್ಕೆ ಉಣ್ಣಿಸುವುದು ಕಷ್ಟ ಎನ್ನುತ್ತಿದ್ದರು. ಹಳೆಯದಕ್ಕೆ ಮುಂದಿನ ಟ್ಯಾಂಕಿನಿಂದ ಪೆಟ್ರೋಲು ತಾನೇ ಇಳಿದು ಬರುತ್ತಿತ್ತು. ಹೊಸದು ತನ್ನ ಪಂಪಿನಿಂದ ತಾನೇ ಎಳೆದುಕೊಳ್ಳುವಂಥದ್ದು. ಟ್ಯಾಂಕು ಹಿಂದಕ್ಕೆ ಹೋಯಿತು. ತಾಮ್ರದ ಪೈಪು ಬಗ್ಗಿಸುವಾಗ ನೆಗ್ಗಬಾರದೆಂದು ಒಳಗೆ ಮರಳು ತುಂಬಿ, ಸೈಲೆನ್ಸರಿನ ಬಿಸಿ ತಾಗದಂತೆ ದೂರದಿಂದ ಸುತ್ತಿಸಿ ತಂದರು. ಪೆಟ್ರೋಲು ಸೋಸಲು ಅಮ್ಮಿಯ ತೆಳುಸೀರೆಯ ತುಂಡೊಂದು ಹೋಯಿತು.

ಉಳಿದದ್ದು ವೈರಿಂಗು. ಅಲ್ಲಿತ್ತು ಅಬ್ಬಾನ ಗುಟ್ಟು. ಅವರಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತಿದ್ದವು. ಹುಟ್ಟಿನಿಂದ ಹಾಗೆ. ಇದು ತಿಳಿದಿದ್ದವಳು ಅವರ ಅಕ್ಕ, ನಮ್ಮ ಜೊತೆಗಿದ್ದ ವಿಧವೆ ಫುಫ್ಪಿ ಒಬ್ಬಳೇ. ಶಿವಮೊಗ್ಗದಿಂದ ಬರುತ್ತಿದ್ದ ಕರಿ ವೈರಿನ ಪ್ರತಿ ತುದಿಗೂ ಫುಫ್ಪಿ ಬಿಳಿ ದಾರ ಕಟ್ಟಿ ಗಂಟು ಹಾಕಿಕೊಡುತ್ತಿದ್ದಳು: ಬ್ಯಾಟರಿಗೆ ಒಂದು, ಕಾರಿನ ಮೈಗೆ ಬಿಗಿಯುವ ಅರ್ತಿಗೆ ಎರಡು, ಹಾರ್ನಿಗೆ ಮೂರು. ಡ್ಯಾಷ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಅಬ್ಬಾ ಬೆರಳಲ್ಲೇ ಎಣಿಸುತ್ತಿದ್ದರು. ನೋಡದೆ ಕೆಲಸ ಮಾಡುವ ಮಿಸ್ತ್ರಿ ಎಂದು ಊರೆಲ್ಲ ಹೊಗಳುತ್ತಿತ್ತು. ನಿಜ ಗೊತ್ತಾಗಿದ್ದರೆ ಅದೇ ಊರು ಕುರುಡು ಮಿಸ್ತ್ರಿ ಎಂದು ಹೆಸರಿಡುತ್ತಿತ್ತು, ಆಮೇಲೆ ಒಂದು ಸೈಕಲ್ಲನ್ನೂ ಅವರ ಕೈಗೆ ಕೊಡುತ್ತಿರಲಿಲ್ಲ. ಅಬ್ಬಾನಿಗಿದ್ದ ಹೆದರಿಕೆ ಅದೊಂದೇ.

ಆ ತಿಂಗಳೇ ಫುಫ್ಪಿ ಮಗಳ ಬಾಣಂತನಕ್ಕೆಂದು ಸೊರಬಕ್ಕೆ ಹೋದಳು. ಹೋಗುವಾಗ ಅಮ್ಮಿಗೆ, "ವೈರಿಗೆ ಗಂಟು ಹಾಕಿ ಕೊಡು, ಮತ್ತೇನೂ ಮಾಡ್ಬೇಡ" ಎಂದಿದ್ದಳು. ಏಕೆಂದು ಹೇಳಲಿಲ್ಲ. ಕಸೂತಿಯಲ್ಲಿ ಕೈ ಪಳಗಿದ್ದ ಅಮ್ಮಿಗೆ ಆ ಬಿಳಿ ಗಂಟುಗಳು ದನಕ್ಕೆ ಕಟ್ಟುವ ಹಗ್ಗದ ಹಾಗೆ ಕಂಡವು. ಡಾಕ್ಟರ ಕಾರು, ಚೆಂದ ಇರಲಿ ಎಂದು ಅವಳು ಪಡಸಾಲೆಯ ತುಂಬ ವೈರು ಹರಡಿ ತುದಿತುದಿಗೂ ರೇಷ್ಮೆ ದಾರ ಸುತ್ತಿದಳು: ಬ್ಯಾಟರಿಗೆ ಕೆಂಪು, ಅರ್ತಿಗೆ ಹಸಿರು, ಹಾರ್ನಿಗೆ ಹಳದಿ. ಯಾವ ಬಣ್ಣ ಯಾವುದಕ್ಕೆಂದು ಅಬ್ಬಾನಿಗೆ ಹೆಮ್ಮೆಯಿಂದ ವಿವರಿಸಿದಳು. ಅಬ್ಬಾ ಬಹಳ ಹೊತ್ತು ಆ ದಾರಗಳನ್ನೇ ನೋಡಿದರು. "ಚೆನ್ನಾಗಿದೆ" ಎಂದರು. ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಅಂದಾಜಿನ ಮೇಲೆ ಹೋಗುವುದು ಅವರಿಗೆ ಸುಲಭ ಅನ್ನಿಸಿರಬೇಕು.

ಸೋಮವಾರ ಬೆಳಿಗ್ಗೆ ಡಾಕ್ಟರು ಬಂದು ನಿಂತರು. ಅಂದು ಕಾರು ಹೊರಡದಿದ್ದರೆ ದಾವಣಗೆರೆಯ ಗ್ಯಾರೇಜಿಗೆ ಕಳಿಸುತ್ತೇನೆಂದು ಮೊದಲೇ ಹೇಳಿದ್ದರು. ಅಬ್ಬಾ ಬಿಸ್ಮಿಲ್ಲಾ ಎಂದು ಬ್ಯಾಟರಿಗೆ ವೈರು ಕೂಡಿಸಿದರು. ಮರುಕ್ಷಣ ಡ್ಯಾಷ್‌ಬೋರ್ಡಿನಿಂದ ರಬ್ಬರು ಸುಟ್ಟ ಕಪ್ಪು ಹೊಗೆ ಎದ್ದಿತು. ಬ್ಯಾಟರಿಯ ವೈರಿನ ಇನ್ನೊಂದು ತುದಿಯನ್ನು ಅವರು ಅರ್ತಿನದೆಂದುಕೊಂಡು ಕಾರಿನ ಮೈಗೇ ಬಿಗಿದಿದ್ದರು. ಪಕ್ಕದಲ್ಲೇ ಪೆಟ್ರೋಲು ತುಂಬಿದ ಪೈಪು. ಅಬ್ಬಾ ಕಾದ ವೈರನ್ನು ಬರಿಗೈಯಲ್ಲಿ ಕಿತ್ತೆಸೆದರು.

"ಎಂತದು ಸಾಬ್ರೇ ಇದು? ಕೆಂಪು ದಾರ ಇಲ್ಲಿ ಎಂತಕ್ಕೆ ಬಂತು? ಕಣ್ಣು ಕಾಣ್ತದೋ ಇಲ್ವೋ ನಿಮಗೆ?" ಎಂದರು ಡಾಕ್ಟರು.

ಅಬ್ಬಾ ಸುಟ್ಟ ಅಂಗೈ ಮುಚ್ಚಿಕೊಂಡರು. ಅಮ್ಮಿ ಬಾಗಿಲ ಪರದೆಯ ಹಿಂದಿದ್ದಳು. ಗಂಡನ ಮುಖದಲ್ಲಿ ಏನು ಕಂಡಳೋ! ಪರಪುರುಷರೆದುರು ಎಂದೂ ದನಿ ಎತ್ತದವಳು ಅಲ್ಲಿಂದಲೇ ಹೇಳಿದಳು: "ದಾರ ಕಟ್ಟಿದ್ದು ನಾನ್ರೀ, ಡಾಕ್ಟ್ರೇ. ಬಣ್ಣ ಅದಲುಬದಲು ಮಾಡ್ಬಿಟ್ಟೆ. ಅವರದ್ದೇನೂ ತಪ್ಪಿಲ್ರೀ."

ಡಾಕ್ಟರು ಪರದೆಯ ಕಡೆ ತಿರುಗಿದರು. "ಹೋಗ್ಲಿ ಬಿಡಮ್ಮಾ. ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲಿದ್ರಾಯ್ತು" ಎಂದು ಅಬ್ಬಾನ ಅಂಗೈಗೆ ಮುಲಾಮು ಹಚ್ಚಿ, ಎರಡು ದಿನದ ಗಡುವು ಕೊಟ್ಟು ಬಸ್ಸಿಗೆ ಹೋದರು.

ಅವರು ಹೋದ ಮೇಲೆ ಅಮ್ಮಿ ಟ್ರಂಕಿನಿಂದ ತನ್ನ ಮದುವೆಯ ಕೆಂಪು ಸೀರೆ ತೆಗೆದು ಅಬ್ಬಾನ ಮುಂದೆ ಹಿಡಿದಳು. "ಇದು ಯಾವ ಬಣ್ಣ?"

ಅಬ್ಬಾ ತಲೆ ತಗ್ಗಿಸಿ, "ಒಣಗಿದ ಎಲೆ ಥರ ಕಾಣ್ತದೆ. ಆದ್ರೆ ನೀನು ಉಟ್ಟಾಗ ಚೆಂದ ಇತ್ತು" ಎಂದರು.

ಅಮ್ಮಿ ಅತ್ತಳು. ಬಣ್ಣ ಕಾಣದ್ದಕ್ಕಲ್ಲ. ಹತ್ತು ವರ್ಷ ಸಂಸಾರ ಮಾಡಿಯೂ ಗಂಡನ ಅಕ್ಕನಿಗೆ ಗೊತ್ತಿದ್ದದ್ದು ತನಗೆ ಗೊತ್ತಿರಲಿಲ್ಲವಲ್ಲ ಎಂದು. ಸಂತೆಯಲ್ಲಿ ಹಣ್ಣು ಮೆಣಸಿನಕಾಯಿ ತಾ ಎಂದರೆ ಹಸಿಯದನ್ನು ತರುತ್ತಿದ್ದ ಗಂಡನಿಗೆ ಸೋಮಾರಿ ಎಂದು ಬೈದದ್ದೆಲ್ಲ ಅವಳಿಗೆ ಆಗ ನೆನಪಾಗಿರಬೇಕು. ಆಮೇಲೆ ಕಣ್ಣೊರೆಸಿಕೊಂಡು ಕೂತು, ರೇಷ್ಮೆಯನ್ನೆಲ್ಲ ಬಿಚ್ಚಿ, ತುದಿತುದಿಗೂ ಬಿಳಿ ದಾರದ ಗಂಟು ಹಾಕಿದಳು.

ಬುಧವಾರ ಕಾರು ಹೊರಟಿತು. ಒಪ್ಪಿಸಿ ಬರಲು, ಹಾಗೆಯೇ ಫುಫ್ಪಿಯನ್ನು ಕರೆತರಲು, ನಾವೆಲ್ಲ ಅದರಲ್ಲೇ ಸೊರಬಕ್ಕೆ ಹೋದೆವು. ಉಡುತಡಿಯ ಹತ್ತಿರ ಪೈಪಿನಲ್ಲಿ ಪೆಟ್ರೋಲು ಕುದ್ದು ಕಾರು ನಿಂತಾಗ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಮುಂದುವರಿದದ್ದು ಬಿಟ್ಟರೆ ಬೇರೇನೂ ತೊಂದರೆ ಆಗಲಿಲ್ಲ. ಸೊರಬದಲ್ಲಿ ಅಮ್ಮಿ ಫುಫ್ಪಿಯನ್ನು ಕೇಳಿದ್ದು ಒಂದೇ ಮಾತು: "ನನಗೆ ಹೇಳ್ಬಾರ್ದಿತ್ತಾ, ಆಪಾ?" ಫುಫ್ಪಿ, "ಅವನು ಆಣೆ ಹಾಕ್ಸಿದ್ದ ಕಣೇ" ಎಂದಳು. ಆಮೇಲೆ ವೈರಿನ ಕೆಲಸ ಫುಫ್ಪಿಗೆ ಮರಳಲಿಲ್ಲ.

ಅಂದಿನಿಂದ ಅಮ್ಮಿ ಯಾವ ಸೀರೆ ಉಟ್ಟರೂ ಸೆರಗಿನ ಮೂಲೆಗೆ ಗಂಟು ಹಾಕುತ್ತಿದ್ದಳು: ಕೆಂಪಿಗೆ ಒಂದು, ಹಸಿರಿಗೆ ಎರಡು. ಈದ್ ದಿನ ನಮಾಜು ಮುಗಿಸಿ ಬಂದ ಅಬ್ಬಾ ಆ ಮೂಲೆಯನ್ನು ಬೆರಳಲ್ಲಿ ಹಿಡಿದು, "ಹಸಿರು ನಿನಗೆ ಒಪ್ಪುತ್ತೆ" ಎನ್ನುತ್ತಿದ್ದರು. ಅಮ್ಮಿ ಪ್ರತಿ ವರ್ಷ ಅಷ್ಟೇ ನಾಚುತ್ತಿದ್ದಳು. ಊರಿಗೆ ಕೊನೆಯವರೆಗೂ ಏನೂ ತಿಳಿಯಲಿಲ್ಲ. ಮಿಸ್ತ್ರಿಯಾಗಿಯೇ ಅಬ್ಬಾ ಹೋದರು.

ಅವರು ಹೋದ ಮೇಲೆ ಅಮ್ಮಿ ಬಿಳಿ ಸೀರೆ ಉಟ್ಟಳು. ಮೊದಲ ಈದಿಗೆ ನಾನು ಅವಳ ಸೆರಗಿನ ಮೂಲೆ ಹುಡುಕಿ ಹಿಡಿದೆ. ಗಂಟಿರಲಿಲ್ಲ. ನನ್ನ ಕೈಯಿಂದ ಸೆರಗು ಬಿಡಿಸಿಕೊಂಡು ಅವಳು ಹೇಳಿದಳು: "ಇದಕ್ಕೆ ಬೇಡ. ಬಿಳಿ ಅವರಿಗೆ ಕಾಣ್ತಿತ್ತು."