ಹಸಿರು ಬೂಷ್ಟು ಯಾವ ಗುಂಪಿನದು?

ಈ ಭೂತಗನ್ನಡಿಗೆ ನೂರಾ ಇಪ್ಪತ್ತು ರೂಪಾಯಿ ಕೊಟ್ಟೆ; ಅಂಗಡಿಯವನು ಇನ್ನೂರು ಹೇಳಿದ್ದ. ಇವತ್ತು ನರೇಗಲ್ ಸಂತೆಯಲ್ಲಿ ಶೇಂಗಾ ರಾಶಿಯೊಂದರ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ನೆಟ್ಟಗೆ ಅಂಗಡಿಗೆ ಹೋಗಿ ಈ ಕನ್ನಡಿ ಕೊಂಡೆ. ಮೂರು ವರ್ಷದ ಹಿಂದೆಯೇ ಕೊಳ್ಳಬೇಕಿತ್ತು, ನೋಡಿ.

ಆಗ ಮೆಣಸಗಿಯಲ್ಲಿ ಹೊಳೆ ನೀರಿಗೆ ನೆನೆದ ಎರಡು ಚೀಲ ಶೇಂಗಾವನ್ನು ಅರ್ಧ ದರಕ್ಕೆ ತಂದು, ಬಲು ಜಾಣನಂತೆ ಮಾಳಿಗೆಯ ಮೇಲೆ ಒಣಹಾಕಿದ್ದೆ. ಹೆರಿಗೆಗೆಂದು ಬಂದಿದ್ದ ಮಗಳು ಶೈಲಾ ಎರಡು ದಿನ ಅದರದೇ ಚಟ್ನಿಪುಡಿಯಲ್ಲಿ ರೊಟ್ಟಿ ತಿಂದಳು. ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಮೇಡಂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು. ಮೂರನೆಯ ದಿನ ಒಂದು ಕಾಯಿ ಒಡೆದು ತಮ್ಮ ಭೂತಗನ್ನಡಿ ಹಿಡಿದು ನೋಡಿದರು. ಕಾಳಿನ ಮೇಲೆ ಹಳದಿ ಹಸಿರು ಪುಡಿ.

"ಕಾಕಾರ, ಇದನ್ನ ಯಾರರ ತಿಂದಾರೇನ್ರಿ?"

ಶೈಲಾಳ ಹೆಸರೆತ್ತದೆ ಮಾತು ತಿರುಗಿಸಿದೆ. "ಬೂಷ್ಟಿನಾಗೂ ತರತರದ್ದು ಇರತಾವಲ್ರಿ?" ಎಂದೆ.

"ಗುಂಪು ಅದಾವ್ರಿ. ಬ್ರೆಡ್ಡಿನ ಮ್ಯಾಲಿನ ಕರಿ ಬೂಷ್ಟು ಗುಂಡುಸೂಜಿಯಂಥಾ ತಲಿಯಾಗ ಬೀಜಕಣ ಇಟ್ಟಿರತೈತಿ. ಇನ್ನೊಂದು ಗುಂಪು ಸಣ್ಣ ಚೀಲದಾಗ ಇಡತೈತಿ. ಯೀಸ್ಟ್ ಅದರಾಗಿಂದು, ನಿಮ್ಮ ಶೇಂಗಾದ್ದೂ ಅದರಾಗಿಂದು. ಭೀಮನ ಗದಿಯಂಥಾ ಕಡ್ಡಿ ಮ್ಯಾಲೆ ಹೊರೂವು ಮತ್ತೊಂದು: ಅಣಬಿ, ಜ್ವಾಳದ ಕಾಡಿಗಿ ರೋಗ. ನೀರಾಗ ಈಜೂವೂ ಅದಾವು."

ಕಾಳುಕಡಿ ವ್ಯಾಪಾರದಲ್ಲಿ ಜೀವಮಾನವೆಲ್ಲ ನಾನು ಗುಂಪು ಮಾಡಿದ್ದು ದರ ಕಟ್ಟಲಿಕ್ಕೆ: ಒಂದನೇ ನಂಬರು, ಎರಡನೇ ನಂಬರು. ಇಲ್ಲೂ ಚೌಕಾಸಿಗಿಳಿದೆ. "ಅಣಬಿ ತಿಂತೀವಲ್ರಿ? ಇದನ್ನೂ ಆ ಗುಂಪಿಗೆ ಹಾಕಾಕ ಬರೂದಿಲ್ಲೇನ್ರಿ?"

"ಇದೇನು ಸಂತಿಯೇನ್ರಿ! ಅಣಬ್ಯಾಗೂ ಜೀವ ತಗಿಯೂವು ಅದಾವು. ಗುಂಪಿನಿಂದ ಬೀಜಕಣ ಎಲ್ಲಿ ಇರತಾವು ತಿಳೀತೈತಿ, ತಿನ್ನಾಕ ಬರತೈತೋ ಇಲ್ಲೋ ತಿಳಿಯೂದಿಲ್ಲ. ಇದರ ವಿಷ ಹುರದ್ರೂ ಹೋಗೂದಿಲ್ಲ."

"ಎಮ್ಮಿಗೆ ಹಾಕ್ಲೇನ್ರಿ?"

"ಆ ಎಮ್ಮಿ ಹಾಲು ಯಾರು ಕುಡೀತಾರ್ರಿ?"

ಶೈಲಾ ಕುಡಿಯುತ್ತಿದ್ದಳು. ಅವತ್ತೇ ಎಲ್ಲ ಹೇಳಿ ಅವಳನ್ನು ಕರೆದುಕೊಂಡು ಹೊರಟೆ.

ದವಾಖಾನೆಯಲ್ಲಿ ಡಾಕ್ಟರು, "ಎರಡು ದಿನದ್ದಕ್ಕ ಹೆದರಬ್ಯಾಡ್ರಿ, ಇನ್ನ ಮುಟ್ಟಬ್ಯಾಡ್ರಿ" ಎಂದರು. ಆದರೂ ಹೆರಿಗೆಯವರೆಗಿನ ಎರಡು ತಿಂಗಳು ಅವಳು ಹೊಟ್ಟೆಯ ಮೇಲೆ ಕೈಯಿಟ್ಟಾಗಲೆಲ್ಲ ನಾನು ಏನಾಯಿತೆಂದು ಎದ್ದು ಬರುತ್ತಿದ್ದೆ. "ಅಪ್ಪಾ, ಕೂಸು ಒದಿಯಾಕತ್ತೈತಿ ಅಷ್ಟ" ಎಂದು ಅವಳೇ ನನ್ನನ್ನು ಸಮಾಧಾನ ಮಾಡುವಳು. ಕೂಸು ಗಟ್ಟಿಯಾಗಿ ಅತ್ತ ದಿನ ನಾನೂ ಅತ್ತೆ.

ಇವತ್ತಿನ ರಾಶಿಯವನು ಅರ್ಧ ದರವೆಂದು ಕೂಗಿದ. ನಾನು ತಿರುಗಿ ನೋಡಲಿಲ್ಲ. ನೀವೂ ಶೇಂಗಾ ಕೊಳ್ಳುವಾಗ ರಾಶಿಯ ನಡುವೆ ಕೈಹಾಕಿ ಹತ್ತು ಕಾಯಿ ಒಡೆದು ನೋಡಿ. ಏನೂ ಕಾಣದಿದ್ದರೂ ಮುಗ್ಗಲು ವಾಸನೆ ಬಂದರೆ ಬಿಟ್ಟುಬಿಡಿ. ಮನೆಗೆ ಬಂದುಬಿಟ್ಟಿದ್ದರೆ ದನಕ್ಕೂ ಹಾಕದೆ ಆಳವಾಗಿ ಹೂಳಿ. ಹೂಳುವಾಗ ಮಾತ್ರ ಕೊಟ್ಟ ದರವನ್ನು ನೆನೆಯಬೇಡಿ, ಗುದ್ದಲಿ ನಿಂತುಬಿಡುತ್ತದೆ.